ಬಾರಿಯಾಟ್ರಿಕ್ ಆಪರೇಷನ್ ಆಯ್ತು, ಇನ್ನು ಮಗು: ಮಲೆನಾಡಿನ ಮನೆಗಳಿಗೆ ಸೂತ್ರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತೂಕ ಇಳಿಸುವ ಆಪರೇಷನ್‌ಗೆ ಹೋಗುವುದು ಬೆಂಗಳೂರಿಗೋ ಮಂಗಳೂರಿಗೋ. ಬಸಿರಾದ ಮೇಲೆ ತೋರಿಸುವುದು ಊರಿನ ಡಾಕ್ಟರಿಗೆ. ಅಲ್ಲಿ ಆಗಿದ್ದು ಇಲ್ಲಿ ಗೊತ್ತಿರುವುದಿಲ್ಲ. ತೊಂದರೆ ಹುಟ್ಟುವುದೇ ಈ ನಡುವಿನಲ್ಲಿ. ಆಪರೇಷನ್ ಆದವರಿಗೆ ಮಕ್ಕಳಾಗುವುದಿಲ್ಲ ಎಂಬ ಮಾತು ಸುಳ್ಳು. ತೂಕ ಇಳಿದ ಮೇಲೆ ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ, ಬಿಪಿ ಕಡಿಮೆಯೇ ಆಗುತ್ತವೆ. ಬದಲಿಗೆ ರಕ್ತಹೀನತೆ, ಮಗುವಿನ ತೂಕ ಕಡಿಮೆಯಾಗುವುದು, ಇವುಗಳ ಭಯ ಹೆಚ್ಚು. ಅವನ್ನು ತಡೆಯುವ ಕೆಲಸ ಮುಟ್ಟು ನಿಲ್ಲುವ ಮೊದಲೇ ಶುರುವಾಗಬೇಕು.

1. ಒಂದೂವರೆ ವರ್ಷ ಕಾಯಿರಿ. ಕನಿಷ್ಠ 12ರಿಂದ 18 ತಿಂಗಳು, ತೂಕ ಒಂದು ಹಂತಕ್ಕೆ ನಿಲ್ಲುವವರೆಗೆ, ಬಸಿರು ಬೇಡ ಎನ್ನುತ್ತಾರೆ ತಜ್ಞರು. ಈ ದೀಪಾವಳಿಗೆ ಆಪರೇಷನ್ ಆಗಿದ್ದರೆ ಮುಂದಿನ ದೀಪಾವಳಿ ಕಳೆಯಲಿ, ಅದರಾಚೆಯ ಯುಗಾದಿ ಬರಲಿ. ತೂಕ ಭರದಿಂದ ಇಳಿಯುತ್ತಿರುವಾಗ ತಾಯಿಗೇ ಸಾಲದ ಪೋಷಣೆಯಲ್ಲಿ ಮಗುವಿಗೆ ಪಾಲು ಎಲ್ಲಿಂದ ಬರಬೇಕು? ವಯಸ್ಸು ಮೂವತ್ತೈದು ದಾಟಿದ್ದರೆ ಎಷ್ಟು ಕಾಯಬೇಕೆಂದು ಸರ್ಜನ್, ಹೆರಿಗೆ ಡಾಕ್ಟರ್ ಇಬ್ಬರನ್ನೂ ಕೇಳಿ ತೀರ್ಮಾನಿಸಿ. "ಮದುವೆಯಾಗಿ ಇಷ್ಟು ವರ್ಷವಾಯ್ತು" ಎನ್ನುವ ನೆಂಟರಿಷ್ಟರನ್ನು ಈ ಸಮಾಲೋಚನೆಗೆ ಕರೆಯಬೇಡಿ.

2. ಅಲ್ಲಿಯವರೆಗೆ ಗುಳಿಗೆ ನಂಬಬೇಡಿ. ಪಿಸಿಓಡಿ ಇದ್ದು ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದವರಿಗೂ ತೂಕ ಇಳಿಯುತ್ತಿದ್ದಂತೆ ಅಂಡಾಣು ಬಿಡುಗಡೆ ಸರಿಹೋಗಿಬಿಡುತ್ತದೆ. "ನನಗೆ ಹೇಗಿದ್ದರೂ ಆಗಲ್ಲ" ಎಂದುಕೊಂಡವರೇ ಮೊದಲು ಬಸಿರಾಗುವುದು. ಬೈಪಾಸ್ ಆದವರ ಕರುಳು ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ಹೀರಿಕೊಳ್ಳದೆ ಇರಬಹುದು. ಕಾಪರ್-ಟಿ ಒಳ್ಳೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ. ತೂಕ ಇಳಿಸುವ ಇಂಜೆಕ್ಷನ್ ಕೂಡ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಸೆಮಾಗ್ಲುಟೈಡ್ ಆದರೆ ಬಸಿರಿಗೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

3. ಗುಟ್ಟು ಮಾಡಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ಗಂಡನಿಗೆ ಬಿಟ್ಟು ಯಾರಿಗೂ ಹೇಳದೆ ಆಪರೇಷನ್ ಮಾಡಿಸಿಕೊಂಡವರು ಇದ್ದಾರೆ. ಅತ್ತೆಗೆ ಹೇಳುವುದು, ಬಿಡುವುದು ನಿಮ್ಮ ಇಷ್ಟ. ಹೆರಿಗೆ ಡಾಕ್ಟರಿಗೆ ಹೇಳಲೇಬೇಕು. ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ತಾಯಿ ಕಾರ್ಡಿನೊಳಗೆ ಸದಾ ಇರಲಿ. ಆಗಿದ್ದು ಸ್ಲೀವೋ, ಬೈಪಾಸೋ, ಮಿನಿ ಬೈಪಾಸೋ ಎಂಬುದು ದಪ್ಪ ಅಕ್ಷರದಲ್ಲಿರಲಿ. ಸ್ಲೀವ್‌ನಲ್ಲಿ ಜಠರ ಚಿಕ್ಕದಾಗುತ್ತದೆ ಅಷ್ಟೆ. ಬೈಪಾಸ್‌ನಲ್ಲಿ ಕರುಳಿನ ದಾರಿಯೇ ಬದಲಾಗಿರುತ್ತದೆ, ಹಾಗಾಗಿ ಅಪಾಯಗಳೂ ಬೇರೆ.

4. ರಕ್ತ ಪರೀಕ್ಷೆ ಮೊದಲು. ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು. ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ವಿಟಮಿನ್ ಎ ಎಲ್ಲವನ್ನೂ ನೋಡಿ, ಕೊರತೆ ತುಂಬಿಸಿ, ಆಮೇಲೆ ಕಾಪರ್-ಟಿ ತೆಗೆಸಿ. ಬಸಿರಿನಲ್ಲಿ ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿಸಬೇಕು. ಮಾಂಸ, ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ. ಆಪರೇಷನ್ ಆದ ಮೇಲೆ ಕೇಳುವುದೇ ಬೇಡ. ಬಹಳ ಜನಕ್ಕೆ ಇಂಜೆಕ್ಷನ್ನೇ ಬೇಕಾಗುತ್ತದೆ. ಇನ್ನು ವಿಟಮಿನ್ ಡಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಕಡೆ ಬಿಸಿಲನ್ನು ನಂಬಿ ಕೂರುವವರು ಯಾರು?

5. ಮಾತ್ರೆಗಳ ವೇಳಾಪಟ್ಟಿ ಅಡುಗೆಮನೆ ಗೋಡೆಗೆ ಅಂಟಿಸಿ. ಫೋಲಿಕ್ ಆಸಿಡ್ ಬಸಿರಿಗೆ ಮೂರು ತಿಂಗಳು ಮೊದಲೇ ಶುರುವಾಗಲಿ. ಸಾಮಾನ್ಯವಾಗಿ 400 ಮೈಕ್ರೋಗ್ರಾಂ ಸಾಕು. ಬಿಎಂಐ 30ರ ಮೇಲಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ 5 ಮಿಲಿಗ್ರಾಂ ಬರೆಯುತ್ತಾರೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಕಾಫಿ ಬೇಡ, ಲಿಂಬೆ ಪಾನಕ ಆಗಬಹುದು. ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಕಾರ್ಬೊನೇಟ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಮಲ್ಟಿವಿಟಮಿನ್‌ನಲ್ಲಿ ವಿಟಮಿನ್ ಎ ರೆಟಿನಾಲ್ ರೂಪದಲ್ಲಿದ್ದರೆ ಬದಲಾಯಿಸಿ, ಬೀಟಾ ಕ್ಯಾರೊಟಿನ್ ಇರುವುದನ್ನು ಕೇಳಿ. ರೆಟಿನಾಲ್ ಹೆಚ್ಚಾದರೆ ಭ್ರೂಣಕ್ಕೆ ಒಳ್ಳೆಯದಲ್ಲ. ಮಾತ್ರೆ ದಕ್ಕದೆ ರಕ್ತ ಏರದಿದ್ದರೆ ಕಬ್ಬಿಣವನ್ನು ಡ್ರಿಪ್‌ನಲ್ಲೇ ಕೊಡಬಹುದು. ಅದಕ್ಕೆ ಹೆದರಬೇಡಿ.

6. ಅನ್ನ ಕೊನೆಗೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೂ ಹೆಚ್ಚುಕಡಿಮೆ ಅಷ್ಟೇ. ಮಲೆನಾಡ ಊಟ ರುಚಿಯಲ್ಲಿ ಸಿರಿವಂತ, ಪ್ರೋಟೀನಿನಲ್ಲಿ ಬಡವ. ಒಂದೆಲಗದ ತಂಬುಳಿ ನಾಲಿಗೆಗೆ ಸರಿ, ಲೆಕ್ಕಕ್ಕೆ ಸಾಲದು. ಮೊಳಕೆ ಹೆಸರುಕಾಳಿನ ಉಸಲಿ, ಪನೀರು, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು: ಇವು ಮೊದಲು ಹೊಟ್ಟೆಗೆ ಹೋಗಲಿ. ಹುರುಳಿ ಸಾರು ಮಾಡಿದರೆ ಕಟ್ಟು ಮಾತ್ರ ಕುಡಿದು ಕಾಳು ದನಕ್ಕೆ ಹಾಕಬೇಡಿ. ಊಟದ ಜೊತೆ ನೀರು, ಮಜ್ಜಿಗೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. "ಎರಡು ಜೀವಕ್ಕೆ ತಿನ್ನು" ಎಂಬ ಒತ್ತಾಯವೂ ಬೇಡ, ತೂಕ ಏರೀತೆಂದು ಉಪವಾಸವೂ ಬೇಡ. ಬಸಿರಿನಲ್ಲಿ ತೂಕ ಏರಲೇಬೇಕು.

7. ಆಸರಿಗೆಗೆ ಬೆಲ್ಲ-ನೀರು ಬಂದರೆ ನಯವಾಗಿ ಬೇಡ ಎನ್ನಿ. ಬೈಪಾಸ್ ಆದ ಹೊಟ್ಟೆಗೆ ಸಿಹಿ ಒಮ್ಮೆಲೇ ಇಳಿದರೆ ಬೆವರು, ನಡುಕ, ಎದೆ ಡವಡವ, ಭೇದಿ. ಬಯಕೆ ಊಟದ ಹೋಳಿಗೆ ಒಂದು ತುಂಡು ಸಾಕು. ಕವಳ ಪೂರ್ತಿ ಬಿಡಿ. ತೋಟದ ಸೀಮೆಯಲ್ಲಿ ಹೇಳಲು ಕಷ್ಟದ ಮಾತಾದರೂ, ಅಡಿಕೆ ಜಗಿಯುವುದಕ್ಕೂ ಮಗುವಿನ ಕಡಿಮೆ ತೂಕಕ್ಕೂ ನಂಟು ಕಂಡಿದೆ.

8. ಗ್ಲೂಕೋಸ್ ಕುಡಿಸುವ ಮೊದಲು ಬಾಯಿ ಬಿಡಿ. ಬಸಿರಿನ ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸುತ್ತಾರೆ. ಬೈಪಾಸ್ ಆದವರಿಗೆ ಅದು ಆಗಿಬರುವುದಿಲ್ಲ. ಸಕ್ಕರೆ ಏರಿ, ಆಮೇಲೆ ತೀರ ಕೆಳಕ್ಕೆ ಬೀಳಬಹುದು. ಅದರ ಬದಲು 24ರಿಂದ 28 ವಾರದ ನಡುವೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರ್‌ನಲ್ಲಿ, ಖಾಲಿ ಹೊಟ್ಟೆಯಲ್ಲೂ ಊಟದ ನಂತರವೂ ನೋಡಿ ಬರೆದಿಟ್ಟರೆ ಆಯಿತು.

9. ವಾಂತಿ ನಿಲ್ಲದಿದ್ದರೆ ಬಿ1. ದಿನಗಟ್ಟಲೆ ವಾಂತಿಯಾದರೆ ಥಯಮಿನ್ ಬರಿದಾಗಿ ಮೆದುಳಿಗೇ ಪೆಟ್ಟು ಬೀಳುತ್ತದೆ. ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಮಿನ್ ಇಂಜೆಕ್ಷನ್ ಕೊಡಬೇಕು. ಇದನ್ನು ನೆನಪಿಸುವುದು ಅಧಿಕಪ್ರಸಂಗವಲ್ಲ.

10. ಹೊಟ್ಟೆನೋವಿಗೆ ಕಷಾಯ ಕಾಸುತ್ತಾ ಕೂರಬೇಡಿ. ಬೈಪಾಸ್ ಆದವರಲ್ಲಿ ತೂಕ ಇಳಿದಂತೆ ಕರುಳಿನ ಸುತ್ತಲ ಪದರಗಳ ನಡುವೆ ಸಂದು ಉಳಿಯಬಹುದು. ಗರ್ಭ ಬೆಳೆದು ಕರುಳನ್ನು ಮೇಲಕ್ಕೆ ದೂಡುವಾಗ ಅದು ಆ ಸಂದಿಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಬಂದು ಹೋಗುವ ನೋವು, ಜೊತೆಗೆ ವಾಂತಿ. ನೋಡಿದವರು ಗ್ಯಾಸ್ ಅಂದುಬಿಡುತ್ತಾರೆ. ಮಗುವಿನ ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಾಗಿಯೇ ಕಂಡೀತು. ಆದರೆ ತಡಮಾಡಿದರೆ ಕರುಳು ಸಾಯುತ್ತದೆ, ತಾಯಿ ಮಗು ಇಬ್ಬರಿಗೂ ಕುತ್ತು. ಆಪರೇಷನ್ ಯಾವುದೇ ಇರಲಿ, ತೂಕ ಬೇಗ ಇಳಿದವರಿಗೆ ಪಿತ್ತಕೋಶದ ಕಲ್ಲೂ ಕಾಡಬಹುದು.

ಹಾಗಾಗಿ ಆಸ್ಪತ್ರೆ, ದಾರಿ ಎರಡನ್ನೂ ಏಳನೇ ತಿಂಗಳೊಳಗೆ ಗೊತ್ತುಮಾಡಿ. ಹೆರಿಗೆ ಡಾಕ್ಟರ್ ಜೊತೆ ಸರ್ಜನ್ನೂ ರಾತ್ರಿ ಹೊತ್ತು ಸಿಗುವ ಜಾಗ ಬೇಕು. ನಮ್ಮ ಕಡೆಗೆ ಅದೆಂದರೆ ಶಿವಮೊಗ್ಗದ ಮೆಗ್ಗಾನ್ ಅಥವಾ ಮಣಿಪಾಲ. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್. ತೀರ್ಥಹಳ್ಳಿಯವರು ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಬೇಕು, ಹೊಸನಗರದವರು ಕರಾವಳಿಗೆ ಹುಲಿಕಲ್ ಘಾಟಿ. ಮಳೆಗಾಲದಲ್ಲಿ ಎರಡನ್ನೂ ನೆಚ್ಚುವಂತಿಲ್ಲ. ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಲಾಂಚ್ ಕಾಯುವ ಪಾಡು ತಪ್ಪಿದೆ. ಆದರೂ ಆಷಾಢ-ಶ್ರಾವಣದಲ್ಲಿ ದಿನ ತುಂಬುವುದಿದ್ದರೆ ಕೊನೆಯ ತಿಂಗಳು ಶಿವಮೊಗ್ಗದ ನೆಂಟರ ಮನೆಯಲ್ಲಿರುವುದು ವಾಸಿ. ತವರುಮನೆ ಕಾಡಿನ ನಡುವಿದ್ದರೆ ಶಾಸ್ತ್ರ ಮುಗಿಸಿ ವಾಪಸ್ ಬನ್ನಿ.

11. 28 ವಾರದ ನಂತರ ನಾಲ್ಕು ವಾರಕ್ಕೊಮ್ಮೆ ಮಗುವಿನ ಬೆಳವಣಿಗೆಯ ಸ್ಕ್ಯಾನಿಂಗ್. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ತೂಕದ ಆಪರೇಷನ್ ಆಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

12. ಬಾಣಂತನದಲ್ಲಿ ಪಥ್ಯ ಸಡಿಲಿಸಿ. ಸೊಪ್ಪು ಬೇಡ, ಹಣ್ಣು ಬೇಡ, ನೀರು ಕಡಿಮೆ, ಅನ್ನಕ್ಕೆ ತುಪ್ಪ-ಮೆಣಸಿನ ಸಾರು ಮಾತ್ರ ಎಂಬ ಹಳೇ ಕ್ರಮ ಈ ಹೊಟ್ಟೆಗೆ ಹೊಂದುವುದಿಲ್ಲ. ಅಜ್ಜಿಗೆ ಬೇಸರವಾಗದಂತೆ ಮೆಣಸಿನ ಸಾರು ಇರಲಿ, ಜೊತೆಗೆ ಬೇಳೆ, ಬೆಂದ ತರಕಾರಿ ಬರಲಿ. ಅಂಟಿನ ಉಂಡೆ ಗೋಲಿ ಗಾತ್ರದ್ದಾಗಲಿ. ಹೊಲಿಗೆ ನೋವಿಗೆ ಪ್ಯಾರಸಿಟಮಾಲ್ ಕೇಳಿ. ಬೈಪಾಸ್ ಆದವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಹುಣ್ಣು ಮಾಡುತ್ತವೆ. ಎದೆಹಾಲು ಧಾರಾಳವಾಗಿ ಕುಡಿಸಿ, ವಿಟಮಿನ್ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ತಾಯಿಗೆ ಬಿ12 ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ. ಕೂಸು ಮಂಕಾಗಿ ಹಾಲು ಬಿಟ್ಟರೆ, ಕತ್ತು ನಿಲ್ಲುವುದು ತಡವಾದರೆ ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಅದೇ ದಿನ ಮಕ್ಕಳ ಡಾಕ್ಟರಿಗೂ ತೋರಿಸಿ. ಅವರಿಗೂ ಆ ಜೆರಾಕ್ಸ್ ಕೊಡಿ.