ಕೈಮಗ್ಗ: ಅದರ ರಚನೆ ಮತ್ತು ಪಾಲನೆ

ವಚನಕಾರರಲ್ಲಿ ಹಿರಿಯನಾದ ದೇವರ ದಾಸಿಮಯ್ಯನು ಮುದನೂರಿನ ನೇಕಾರ. ಉಂಕಿ, ಲಾಳಿ, ಕಂಡಿಕೆ ಎಂಬ ಕಸುಬಿನ ಮಾತುಗಳು ಅವನ ವಚನದಲ್ಲಿ ಅನುಭಾವದ ಮಾತುಗಳಾದವು. ಆ ವಚನವನ್ನು ಬಾಯಿಪಾಠ ಒಪ್ಪಿಸುವ ಮಕ್ಕಳು ನಮ್ಮಲ್ಲಿ ಅನೇಕರು. ಕಂಡಿಕೆಯನ್ನು ಕಣ್ಣಾರೆ ಕಂಡವರು ವಿರಳ. ಆದುದರಿಂದ ಮಗ್ಗವನ್ನು ಒಂದು ಪಾಠವಾಗಿ ಇಲ್ಲಿ ವಿವರಿಸುವುದು ಅನುಚಿತವಾಗಲಾರದು.

ಅಮರಗೋಳದವರಿಗೆ ಈ ವಿಷಯ ದೂರದ್ದೂ ಅಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 2004ರಿಂದ ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುತ್ತ ಬಂದಿದೆ. ಅದಕ್ಕೆ ಬೇಕಾದ ಖಾದಿಯನ್ನು ನೇಯ್ದುದರಿಂದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಪ್ರಸಿದ್ಧವಾಯಿತು. ಧಾರವಾಡ ತಾಲೂಕಿನ ಗರಗವೂ ಧ್ವಜದ ಬಟ್ಟೆಗೆ ಹೆಸರಾದ ಊರು. ಈ ಬಟ್ಟೆಯು ಭಾರತೀಯ ಮಾನಕ ಸಂಸ್ಥೆಯ ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬೇಕು. ಅಂಥ ಬಟ್ಟೆ ಕೈಚಳಕವೊಂದರಿಂದಲೇ ಹುಟ್ಟುವುದಿಲ್ಲ, ಮಗ್ಗವೂ ನೆಟ್ಟಗಿರಬೇಕು.

ರಚನೆಯೇನೋ ಸರಳ. ಹಿಂದಿನ ದಿಂಡಿನಿಂದ ಮುಂದಿನ ದಿಂಡಿನವರೆಗೆ ಬಿಗಿದ ಎಳೆಗಳು ಹಾಸು. ಅವು ಎರಡು ತಂಡಗಳಾಗಿ ದಾರದ ಕುಣಿಕೆಗಳಲ್ಲಿ ಪೋಣಿಸಲ್ಪಟ್ಟಿರುತ್ತವೆ. ಕಾಲಿನಿಂದ ಹಲಗೆ ತುಳಿದಾಗ ಒಂದು ತಂಡ ಮೇಲೇರಿ ಮತ್ತೊಂದು ಕೆಳಗಿಳಿದು ನಡುವೆ ಬಾಯಿ ತೆರೆಯುತ್ತದೆ. ಆ ಬಾಯಿಯಲ್ಲಿ ಲಾಳಿ ಓಡಿ ಹೊಕ್ಕಿನ ಎಳೆಯನ್ನು ಬಿಟ್ಟುಹೋಗುತ್ತದೆ. ಹಣಿಗೆ ಅದನ್ನು ಬಡಿದು ಬಟ್ಟೆಗೆ ಸೇರಿಸುತ್ತದೆ. ಲಾಳಿಯನ್ನು ಹಗ್ಗದ ಎಳೆತದಿಂದ ಓಡಿಸುವ ಉಪಾಯವನ್ನು ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದನು. ಉಳಿದದ್ದೆಲ್ಲ ಬಹಳ ಹಳೆಯದು.

ಮಗ್ಗದ ದೋಷವನ್ನು ಬಟ್ಟೆಯೇ ಹೇಳುತ್ತದೆ. ಆದರೆ ಓದಲು ಬರಬೇಕು. ಎಳೆಗಳು ಎಲ್ಲೆಂದರಲ್ಲಿ ತುಂಡಾಗುತ್ತಿದ್ದರೆ ಗಂಜಿ ಸಾಲದು, ಬಿಗಿ ಹೆಚ್ಚು, ಇಲ್ಲವೆ ಗಾಳಿ ಒಣಗಿದೆ ಎಂದರ್ಥ. ಪದೇ ಪದೇ ಒಂದೇ ಸ್ಥಳದಲ್ಲಿ ತುಂಡಾಗುತ್ತಿದ್ದರೆ ನೂಲನ್ನು ದೂರಿ ಫಲವಿಲ್ಲ. ಅಲ್ಲಿ ಹಣಿಗೆಯ ಹಲ್ಲು ತುಕ್ಕು ಹಿಡಿದಿದೆ, ಇಲ್ಲವೆ ಕುಣಿಕೆಯ ಗಂಟು ಒರಟಾಗಿದೆ. ಬಟ್ಟೆಯುದ್ದಕ್ಕೂ ಒಂದು ಗೆರೆ ಮೂಡಿದರೆ ಹಲ್ಲು ಬಾಗಿರಬಹುದು. ಬಾಯಿ ಒಂದು ಕಡೆ ಕಿರಿದಾಗಿ ತೆರೆದರೆ ಕುಣಿಕೆಗಳ ಚೌಕಟ್ಟನ್ನು ತೂಗಿಬಿಟ್ಟ ಹಗ್ಗಗಳ ಉದ್ದವನ್ನು ಅಳೆಯತಕ್ಕದ್ದು. ಬಟ್ಟೆಯ ಒಂದು ಅಂಚು ಬಿಗಿದು ಮತ್ತೊಂದು ಜೋಲುತ್ತಿದ್ದರೆ ಎರಡು ದಿಂಡುಗಳು ಸಮಾಂತರವಾಗಿಲ್ಲ.

ಈ ಕೊನೆಯ ದೋಷವೇ ನಮ್ಮ ಸೀಮೆಯಲ್ಲಿ ಹೆಚ್ಚು ಎಚ್ಚರಿಕೆ ಬೇಡುವಂಥದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನಿಂತ ಕಂಬ ತಿಳಿಯದಂತೆ ಸರಿಯುತ್ತದೆ. ಪರೀಕ್ಷೆಗೆ ಒಂದು ದಾರ ಸಾಕು. ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದು, ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಹಿಡಿಯಬೇಕು. ಎದುರುಬದುರು ಭುಜಗಳು ಸಮವಾಗಿದ್ದೂ ಈ ಎರಡು ಅಳತೆಗಳಲ್ಲಿ ಭೇದ ಕಂಡರೆ ಚೌಕಟ್ಟು ಓರೆಯಾಗಿದೆ. ಆಯತದ ಕರ್ಣಗಳು ಸಮವೆಂಬ ಪ್ರಮೇಯವನ್ನು ಕಪ್ಪುಹಲಗೆಯ ಮೇಲೆ ಸಾಧಿಸುವ ಗಣಿತ ಶಿಕ್ಷಕರು ಒಮ್ಮೆ ಮಕ್ಕಳನ್ನು ಮಗ್ಗದ ಬಳಿಗೆ ಕರೆದೊಯ್ದರೆ ಒಳಿತು.

ಇಳಕಲ್ಲಿನ ಸೀರೆಗಳನ್ನು ನೇಯುವ ಕುಣಿಮಗ್ಗಗಳಲ್ಲಿ ಹಾಸು ನೆಲಕ್ಕೆ ಹತ್ತಿರವಿದ್ದು, ಮಣ್ಣಿನ ತಂಪು ಬೇಸಿಗೆಯಲ್ಲಿ ಎಳೆಗಳನ್ನು ಕಾಯುತ್ತದೆ. ಅದೇ ತೇವ ಮಳೆಗಾಲದಲ್ಲಿ ಶತ್ರು. ಮರ ಉಬ್ಬುತ್ತದೆ, ಉಕ್ಕಿನ ಹಣಿಗೆ ಕಿಲುಬುತ್ತದೆ. ನೂಲಿನ ಧೂಳನ್ನು ದಿನವೂ ಕುಂಚದಿಂದ ತೆಗೆಯಬೇಕು. ಎಣ್ಣೆ ಕಬ್ಬಿಣದ ತಿರುಗುವ ಭಾಗಗಳಿಗೆ ಮಾತ್ರ. ನೂಲು ತಾಗುವಲ್ಲಿ ಒಂದು ಹನಿಯೂ ಬೀಳಕೂಡದು. ಲಾಳಿಯ ತುದಿ ಒರಟಾದೊಡನೆ ಮರಳುಕಾಗದದಿಂದ ನಯಗೊಳಿಸಬೇಕು. ರಾತ್ರಿ ಕೆಲಸ ನಿಲ್ಲಿಸುವಾಗ ಹಾಸಿನ ಬಿಗಿಯನ್ನು ಕೊಂಚ ಸಡಿಲಿಸುವ ರೂಢಿಯಿದೆ. ಇಲ್ಲವಾದರೆ ಮರುದಿನ ನೇಯ್ಗೆ ಆರಂಭಿಸಿದಲ್ಲಿ ಅಡ್ಡಗೆರೆ ಉಳಿದೀತು.

2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಿಂದ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆಯಿತು. ಆ ನಿರ್ಣಯದ ವಾದವಿವಾದ ಈ ಲೇಖನದ ವಿಷಯವಲ್ಲ. ಆದರೆ ಬೇಡಿಕೆ ಕುಗ್ಗಿದಾಗ ಮಗ್ಗ ನಿಲ್ಲುತ್ತದೆ. ನಿಂತ ಮಗ್ಗ ನಡೆಯುವ ಮಗ್ಗಕ್ಕಿಂತ ಬೇಗ ಕೆಡುತ್ತದೆ. ಕುಣಿಕೆಗಳನ್ನು ಹುಳು ತಿನ್ನುತ್ತವೆ, ಸಡಿಲವಾದ ಕೀಲುಗಳು ಹಾಗೆಯೇ ಉಳಿಯುತ್ತವೆ, ದುರಸ್ತಿ ಬಲ್ಲ ಬಡಿಗನೂ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ಕಾರಣಾಂತರದಿಂದ ಮಗ್ಗವನ್ನು ನಿಲ್ಲಿಸಲೇಬೇಕಾದವರು ಒಂದು ಸಂಗತಿಯನ್ನು ಮರೆಯಬಾರದು: ಕಡೆಯ ಬಟ್ಟೆಯನ್ನು ಕತ್ತರಿಸುವಾಗ ಕುಣಿಕೆ ಮತ್ತು ಹಣಿಗೆಗಳಲ್ಲಿ ಹಳೆಯ ಹಾಸಿನ ಮೊಳದುದ್ದದ ತುದಿಗಳನ್ನು ಬಿಟ್ಟು, ಧೂಳು ಬೀಳದಂತೆ ಬಟ್ಟೆ ಮುಚ್ಚಿಡಬೇಕು. ಮುಂದೆ ಹೊಸ ಹಾಸು ಬಂದಾಗ ಎಳೆಗೆ ಎಳೆ ಹೊಸೆದು ಮುಂದಕ್ಕೆ ಎಳೆದರಾಯಿತು. ಅದನ್ನು ಕಿತ್ತೆಸೆದರೆ, 45 ಅಂಗುಲದ ಬಟ್ಟೆಗೆ ಅಂಗುಲಕ್ಕೆ 60ರಂತೆ 2700 ಎಳೆಗಳನ್ನು ಒಂದೊಂದಾಗಿ ಮೊದಲಿನಿಂದ ಪೋಣಿಸಬೇಕಾದೀತು.