ಡೇಟಾ ತರಿಸುವ ಸ್ಕ್ರಿಪ್ಟ್‌ನಲ್ಲಿ ರನ್‌ಟೈಮ್ ಎರರ್: ಕಾರಣ, ಪರಿಹಾರ

ಪೈಥಾನ್‌ನ ಡೇಟಾ ಡೌನ್‌ಲೋಡ್ ಲೈಬ್ರರಿ ಮಲ್ಟಿಪ್ರೊಸೆಸಿಂಗ್ ಬಳಸಿದಾಗ ವಿಂಡೋಸ್‌ನಲ್ಲಿ ಬರುವ ರನ್‌ಟೈಮ್ ಎರರ್‌ಗೆ ಸಾಮಾನ್ಯವಾಗಿ ಕಾರಣ ಲೈಬ್ರರಿಯಲ್ಲ, ಅದನ್ನು ಕರೆಯುವ ಸ್ಕ್ರಿಪ್ಟ್. ವಿಂಡೋಸ್‌ನಲ್ಲಿ, ಪೈಥಾನ್ 3.8ರಿಂದ ಮ್ಯಾಕ್‌ನಲ್ಲೂ, ಹೊಸ ಪ್ರೊಸೆಸ್‌ಗಳು ‘ಸ್ಪಾನ್’ ವಿಧಾನದಲ್ಲಿ ಶುರುವಾಗುತ್ತವೆ. ಪ್ರತಿ ಪ್ರೊಸೆಸ್ ಮುಖ್ಯ ಫೈಲನ್ನು ಮೊದಲಿನಿಂದ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಡೌನ್‌ಲೋಡ್ ಸಾಲು ಯಾವ ಫಂಕ್ಷನ್ನಿನೊಳಗೂ ಇಲ್ಲದಿದ್ದರೆ ಅದು ಮತ್ತೆ ಓಡಿ, ಮರಿ ಪ್ರೊಸೆಸ್ ಇನ್ನಷ್ಟು ಮರಿಗಳನ್ನು ಹುಟ್ಟಿಸಲು ಹೊರಡುತ್ತದೆ. ಪೈಥಾನ್ ಅದನ್ನು ತಡೆದು ಎರರ್ ತೋರಿಸುತ್ತದೆ.

ಆ ಸಾಲನ್ನು ‘ಮೇನ್’ ಫಂಕ್ಷನ್ನಿಗೆ ಸೇರಿಸಿ, ‘if __name__ == "__main__":’ ಷರತ್ತಿನ ಕೆಳಗಷ್ಟೇ ಅದನ್ನು ಕರೆಯಬೇಕು. ಜುಪಿಟರ್ ನೋಟ್‌ಬುಕ್‌ನಲ್ಲಾದರೆ ಕೆಲಸದ ಫಂಕ್ಷನ್ನನ್ನು ಪ್ರತ್ಯೇಕ ಫೈಲಿನಲ್ಲಿಟ್ಟು ಇಂಪೋರ್ಟ್ ಮಾಡಿಕೊಳ್ಳಬೇಕು. ಡೌನ್‌ಲೋಡ್‌ನಲ್ಲಿ ಹೆಚ್ಚಿನ ಸಮಯ ಸರ್ವರ್‌ನ ಉತ್ತರಕ್ಕೆ ಕಾಯುವುದರಲ್ಲೇ ಕಳೆಯುವುದರಿಂದ, ಬಹಳಷ್ಟು ಕೆಲಸಗಳಿಗೆ ಪ್ರೊಸೆಸ್‌ಗಳ ಬದಲು ಥ್ರೆಡ್‌ಗಳೇ ಸಾಕು.