‘ಬಿಲಿಯನ್’ ಎಂದರೆ ಎಷ್ಟು?

ಭೂಮಿಯ ವಯಸ್ಸು ಸುಮಾರು 4.5 ಬಿಲಿಯನ್ ವರ್ಷಗಳೆಂದು ಇಂಗ್ಲಿಷ್ ಪುಸ್ತಕಗಳಲ್ಲಿ ಓದುತ್ತೇವೆ. ಅದನ್ನು ಕನ್ನಡದಲ್ಲಿ ಹೇಳಬೇಕಾದಾಗ 45 ಕೋಟಿಯೋ, 450 ಕೋಟಿಯೋ ಎಂದು ತಡವರಿಸುವ ವಿದ್ಯಾರ್ಥಿಗಳು ಉಂಟು. 450 ಕೋಟಿ ಎಂಬುದೇ ಸರಿಯಾದ ಉತ್ತರ. ಸೊನ್ನೆಗಳನ್ನು ಎಚ್ಚರಿಕೆಯಿಂದ ಎಣಿಸಿದರೆ ಈ ತಪ್ಪನ್ನು ತಪ್ಪಿಸಬಹುದು. ಆದರೆ ಎಷ್ಟು ಎಚ್ಚರಿಕೆಯಿಂದ ಎಣಿಸಿದರೂ ಮೋಸಹೋಗುವ ಸಂದರ್ಭವೊಂದುಂಟು. ಏಕೆಂದರೆ ‘ಬಿಲಿಯನ್’ ಎಂಬ ಪದಕ್ಕೆ ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಒಂದೇ ಬೆಲೆ ಇರಲಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಮಿಲ್ಲೆ’ ಎಂದರೆ ಸಾವಿರ. ಅದರಿಂದ ಇಟಲಿಯಲ್ಲಿ ‘ದೊಡ್ಡ ಸಾವಿರ’ ಎಂಬ ಅರ್ಥದ ಪದವು ಹುಟ್ಟಿತು. ಅದೇ ಮಿಲಿಯನ್, ಎಂದರೆ ನಮ್ಮ ಹತ್ತು ಲಕ್ಷ. ‘ಬಿ’ ಎಂಬುದು ಎರಡನ್ನು ಸೂಚಿಸುತ್ತದೆ. ಫ್ರಾನ್ಸಿನ ಗಣಿತಜ್ಞ ನಿಕೊಲಾ ಶುಕೆ 1484ರ ತನ್ನ ಹಸ್ತಪ್ರತಿಯಲ್ಲಿ, ಮಿಲಿಯನ್ನನ್ನು ಮಿಲಿಯನ್ನಿನಿಂದ ಗುಣಿಸಿದರೆ ದೊರೆಯುವ ಸಂಖ್ಯೆಯನ್ನು ಬಿಲಿಯನ್ ಎಂದು ಕರೆದನು. 1ರ ಮುಂದೆ 12 ಸೊನ್ನೆಗಳುಳ್ಳ ಈ ಸಂಖ್ಯೆಯು ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ.

ಮುಂದೆ ಫ್ರಾನ್ಸಿನಲ್ಲಿಯೇ ಕೆಲವರು ಸಾವಿರ ಮಿಲಿಯನ್ನುಗಳನ್ನು ಬಿಲಿಯನ್ ಎನ್ನತೊಡಗಿದರು. ಇದರಲ್ಲಿ 9 ಸೊನ್ನೆಗಳು ಮಾತ್ರ. ಎಂದರೆ 100 ಕೋಟಿ. ಅಮೆರಿಕವು ಈ ಬಳಕೆಯನ್ನು ಸ್ವೀಕರಿಸಿತು. ಬ್ರಿಟನ್ನು ಹಳೆಯದನ್ನೇ ಉಳಿಸಿಕೊಂಡಿತು. ಹೀಗೆ ಒಂದೇ ಭಾಷೆಯ ಒಂದೇ ಪದಕ್ಕೆ ಎರಡು ಬೆಲೆಗಳಾದವು. ಅವುಗಳ ನಡುವಣ ಅಂತರವಾದರೋ ಸಾವಿರ ಪಟ್ಟು! ಇದು ಎಷ್ಟೆಂಬುದನ್ನು ಕಾಲದ ಅಳತೆಯಿಂದ ತಿಳಿಯೋಣ. ಅಮೆರಿಕದ ಬಿಲಿಯನ್ ಸೆಕೆಂಡುಗಳು ಕಳೆಯಲು ಸುಮಾರು 32 ವರ್ಷಗಳು ಸಾಕು; ಬ್ರಿಟನ್ನಿನ ಹಳೆಯ ಬಿಲಿಯನ್ ಸೆಕೆಂಡುಗಳಿಗೆ ಸುಮಾರು 32,000 ವರ್ಷಗಳು ಬೇಕು.

1974ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ಹೆರಾಲ್ಡ್ ವಿಲ್ಸನ್ ಅವರು, ಸರ್ಕಾರದ ಲೆಕ್ಕಗಳಲ್ಲಿ ಇನ್ನು 9 ಸೊನ್ನೆಗಳ ಬಿಲಿಯನ್ನನ್ನೇ ಬಳಸುವುದಾಗಿ ತಿಳಿಸಿದರು. ಇಂದಿನ ಇಂಗ್ಲಿಷಿನಲ್ಲಿ ಅದೇ ರೂಢಿ. ಆದರೆ ಜರ್ಮನ್ ಭಾಷೆಯಲ್ಲಿ ಬಿಲಿಯನ್ನಿಗೆ ಇಂದಿಗೂ 12 ಸೊನ್ನೆಗಳೇ. 9 ಸೊನ್ನೆಗಳ ಸಂಖ್ಯೆಗೆ ಅಲ್ಲಿ ‘ಮಿಲಿಯಾರ್ಡೆ’ ಎಂಬ ಬೇರೆ ಹೆಸರಿದೆ.

ಹಾಗಾದರೆ ಹಳೆಯ ಪುಸ್ತಕವೊಂದು ಕೈಗೆ ಬಂದಾಗ ನಾವು ಮಾಡಬೇಕಾದುದೇನು? ಮೊದಲು ಅದು ಎಲ್ಲಿ, ಯಾವ ವರ್ಷದಲ್ಲಿ ಅಚ್ಚಾಯಿತೆಂದು ನೋಡಬೇಕು. ಅನಂತರ ನಮಗೆ ತಿಳಿದಿರುವ ಒಂದು ಪರಿಮಾಣದೊಡನೆ ಒರೆಹಚ್ಚಬೇಕು. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರು. ಗ್ರಂಥಕರ್ತನು ಇದನ್ನು 9.5 ಬಿಲಿಯನ್ ಎಂದು ಬರೆದಿದ್ದರೆ ಅವನದು 12 ಸೊನ್ನೆಗಳ ಬಿಲಿಯನ್, 9.5 ಟ್ರಿಲಿಯನ್ ಎಂದಿದ್ದರೆ ಅವನ ಬಿಲಿಯನ್ನಿಗೆ 9 ಸೊನ್ನೆಗಳು.

ವಿಜ್ಞಾನಿಗಳು ಈ ತೊಡಕಿನಿಂದ ಪಾರಾಗಲು ಹತ್ತರ ಘಾತಗಳನ್ನು ಬಳಸುತ್ತಾರೆ. ಹತ್ತರ 9ನೆಯ ಘಾತಕ್ಕೆ ‘ಗಿಗಾ’, 12ನೆಯ ಘಾತಕ್ಕೆ ‘ಟೆರಾ’ ಎಂಬ ಪೂರ್ವಪದಗಳನ್ನು 1960ರಲ್ಲಿ ಅಂತರರಾಷ್ಟ್ರೀಯ ಮಾನ ಪದ್ಧತಿಯಲ್ಲಿ ಅಂಗೀಕರಿಸಲಾಯಿತು. ಒಂದು ಗಿಗಾವಾಟ್ ಎಂದರೆ ಎಲ್ಲ ದೇಶಗಳಲ್ಲಿಯೂ 100 ಕೋಟಿ ವಾಟ್.

ಇಂದಿನ ಇಂಗ್ಲಿಷ್ ಬರಹವನ್ನು ಓದುವಾಗ ಇಷ್ಟನ್ನು ನೆನಪಿಟ್ಟರೆ ಸಾಕು: ಮಿಲಿಯನ್ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. ಹಳೆಯ ಬರಹವಾದರೆ, ಪದವನ್ನು ನಂಬುವ ಮುನ್ನ ಸೊನ್ನೆಗಳನ್ನು ವಿಚಾರಿಸಬೇಕು.